ಪುಕ್ಕಟೆ ಬಸ್ಸು, ಉಳಿದ ದುಡ್ಡು

ಸೋದರಿಯರೇ, 2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸು ಪುಕ್ಕಟೆ. ಮಾಗಳದಿಂದ ಹಡಗಲಿಗೆ ಹೋಗಿಬರುವ ಖರ್ಚು ಉಳೀತು. ಆದರೆ ಉಳಿದದ್ದು ಎಲ್ಲಿದೆ, ನೋಡಿಕೊಂಡಿದ್ದೀರಾ? ಪುಕ್ಕಟೆ ಅಂತ ನಾಲ್ಕು ಸಲ ಪೇಟೆಗೆ ಹೋದರೆ ಬೇಡದ ಸಾಮಾನೇ ಚೀಲ ತುಂಬುತ್ತೆ. ನಾನು ಚೀಟಿ ಬರೆದುಕೊಂಡು ತಿಂಗಳಿಗೊಮ್ಮೆ ಹೋಗ್ತೀನಿ.

ವರ್ಷದ ಜೋಳ ಸುಗ್ಗಿಯಲ್ಲೇ ಕೊಂಡು, ಒಣಗಿಸಿ, ಒಣ ಬೇವಿನೆಲೆ ಬೆರೆಸಿ ಇಡ್ತೀನಿ. ಕಾಳು ರಾತ್ರಿಯೇ ನೆನೆಹಾಕಿದರೆ ಗ್ಯಾಸು ಉಳಿಯುತ್ತೆ.

ಗೃಹಲಕ್ಷ್ಮಿಯ 2000 ರೂಪಾಯಿ ಬಂದಾಗ ಮೊದಲು 500 ಅಂಚೆ ಕಚೇರಿಯ ಆರ್.ಡಿ.ಗೆ, ಆಮೇಲೆ ಕಿರಾಣಿಗೆ. ಐದು ವರ್ಷಕ್ಕೆ ಅಸಲೇ 30,000, ಬಡ್ಡಿ ಬೇರೆ. ಮಗಳೀಗ ಏಳನೇ ಕ್ಲಾಸು. ಪಿ.ಯು.ಸಿ. ಮುಗಿಸೋ ಹೊತ್ತಿಗೆ ಆ ದುಡ್ಡು ಕೈಗೆ ಬರುತ್ತೆ. ಹೈಸ್ಕೂಲಿಗೇ ನಿಂತ ನನ್ನ ಓದು ಅವಳಿಂದಲಾದರೂ ಮುಂದೆ ಸಾಗಲಿ. ನಿಮ್ಮ ಉಳಿತಾಯ ಯಾರ ಹೆಸರಿಗೆ, ಇವತ್ತೇ ಯೋಚಿಸಿರಿ.