ದೋಣಿಯ ಕಟಾಂಜನ

ಕಟಾಂಜನವಿದೆಯೆಂಬ ನೆಚ್ಚಿಕೆಯಿಂದಲೇ ಮನುಷ್ಯನು ನೀರಿನ ಅಂಚಿಗೆ ಹೋಗಿ ನಿಲ್ಲುತ್ತಾನೆ. ಆದುದರಿಂದ ಸಡಿಲವಾದ ಕಟಾಂಜನವು ಕಟಾಂಜನವೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕರವಾದುದು.

ತಾಳಮಲೆಯವರಾದ ನಮಗೆ ದೋಣಿಯ ಪರಿಚಯ ಕಡಿಮೆ. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಭವಾನಿಸಾಗರವನ್ನು ಸೇರಿದರೆ ಅಲ್ಲಿ ಮೀನುಗಾರರ ಹರಿಗೋಲುಗಳನ್ನು ಕಾಣಬಹುದು, ಹರಿಗೋಲಿಗೆ ಕಟಾಂಜನವೆಲ್ಲಿಯದು? ಕಡಲ ದೋಣಿಯನ್ನು ನಾನು ಹತ್ತಿರದಿಂದ ನೋಡಿದುದು ಮಲ್ಪೆಯ ಬಂದರಿನಲ್ಲಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಂತ್ರದೋಣಿಗಳು ಮೀನು ಹಿಡಿಯಲು ಹೋಗುವಂತಿಲ್ಲ. ದುರಸ್ತಿಗೆ ಅದೇ ಸಕಾಲ.

ಅಲ್ಲೊಂದು ದೋಣಿಯಲ್ಲಿ ಕಟಾಂಜನದ ಕಂಬವೊಂದು ಅಲುಗಾಡುತ್ತಿದ್ದಿತು. ಅದರ ಬುಡದ ತಟ್ಟೆಗೆ ನಾಲ್ಕು ಬೋಲ್ಟುಗಳು. ಒಂದರ ತಲೆ ಹಾರಿಹೋಗಿದ್ದಿತು. ಉಳಿದ ಮೂರು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಮುರಿದುದೊಂದನ್ನು ಬದಲಿಸಿದರೆ ಸಾಕೆಂದು ಸುತ್ತಲಿದ್ದವರು ಹೇಳಿದರು. ವಯಸ್ಸಾದ ಮೇಸ್ತ್ರಿಗಳು ಒಪ್ಪಲಿಲ್ಲ. ಕಚ್ಚಿಕೊಂಡಿದ್ದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಬಹಳ ಹೊತ್ತು ಕಾದು, ನಾಲ್ಕನ್ನೂ ಹೊರತೆಗೆದರು. ಹೊಳೆಯುತ್ತಿದ್ದ ಮೂರರಲ್ಲಿ ಎರಡರ ಕುತ್ತಿಗೆ ಇಲಿ ಕಡಿದ ಕಬ್ಬಿನಂತೆ ಸವೆದಿದ್ದಿತು. ಅಲೆಯೆದ್ದ ರಾತ್ರಿಯಲ್ಲಿ ಒಬ್ಬನು ಆ ಕಂಬಕ್ಕೆ ಒರಗಿದ್ದರೆ ಅವನ ಗತಿಯೇನು!

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ತುಕ್ಕು ಹಿಡಿಯದ ಉಕ್ಕಿನಲ್ಲಿರುವ ಕ್ರೋಮಿಯಂ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟುತ್ತದೆ. ಪೊರೆ ಗೀಚಿದರೂ ಗಾಳಿಯಿದ್ದಲ್ಲಿ ಮತ್ತೆ ತಾನಾಗಿಯೇ ಕೂಡಿಕೊಳ್ಳುತ್ತದೆ. ತಟ್ಟೆಯಡಿಯ ಸಂದಿನಲ್ಲಾದರೋ ಉಪ್ಪುನೀರು ನಿಂತು, ಆಮ್ಲಜನಕ ತೀರಿ, ಪೊರೆ ಕಟ್ಟದಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡು ಲೋಹವನ್ನು ಕೊರೆಯುತ್ತದೆ. ಬಯಲಿನಲ್ಲಿರುವ ತಲೆ ಹೊಳೆಯುತ್ತಿರುವಾಗಲೇ ಮರೆಯಲ್ಲಿರುವ ಕುತ್ತಿಗೆ ಕ್ಷಯಿಸುತ್ತದೆ.

ಮೇಸ್ತ್ರಿಗಳು ಮಾಲಿಬ್ಡಿನಂ ಬೆರೆತ 316ನೆಯ ದರ್ಜೆಯ ಬೋಲ್ಟುಗಳನ್ನು ತಂದರು. ನೀರಿಳಿಯದಂತೆ ರಂಧ್ರಗಳಿಗೆ ಅಂಟು ತುಂಬಿದರು. ಒರಗಿದವನ ಭಾರ ಹಂಚಿಹೋಗಲೆಂದು ಅಡಿಯಲ್ಲಿ ಅಗಲವಾದ ತಟ್ಟೆಯನ್ನಿಟ್ಟು ಬಿಗಿದರು. ಅಗ್ಗವೆಂದು ಸಾದಾ ಕಬ್ಬಿಣದ ಬೋಲ್ಟನ್ನು ಹಾಕಲಿಲ್ಲ. ಉಪ್ಪುನೀರಿನಲ್ಲಿ ಈ ಎರಡು ಲೋಹಗಳು ತಾಗಿದರೆ ಕಬ್ಬಿಣವು ಬೇಗ ಸವೆಯುತ್ತದೆ. ಈ ಗುಣವನ್ನೇ ಉಪಕಾರಕ್ಕೆ ತಿರುಗಿಸಿಕೊಂಡು, ಉಕ್ಕಿನ ಹಡಗುಗಳ ಹೊರಮೈಗೆ ಸತುವಿನ ಗಟ್ಟಿಗಳನ್ನು ಬಿಗಿಯುವರು. ಸತುವು ತಾನು ಸವೆದು ಉಕ್ಕನ್ನು ಉಳಿಸುತ್ತದೆ.

ಉಪಾಧ್ಯಾಯ ಬಂಧುಗಳು ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಎರಡು ಲೋಟ ಉಪ್ಪುನೀರಿನಲ್ಲಿ ಒಂದೊಂದು ಕಬ್ಬಿಣದ ಮೊಳೆಯನ್ನಿಡಿರಿ. ಒಂದಕ್ಕೆ ಮಾತ್ರ ಸತು ಲೇಪಿಸಿದ ಬೇಲಿಯ ತಂತಿಯನ್ನು ಬಿಗಿಯಾಗಿ ಸುತ್ತಿರಿ. ಕೆಲವು ದಿನಗಳಲ್ಲಿ ಬರಿಯ ಮೊಳೆ ಕೆಂಪಾಗುವುದು. ತಂತಿ ಸುತ್ತಿದುದು ಬಹುಮಟ್ಟಿಗೆ ಹಾಗೆಯೇ ಉಳಿಯುವುದು.

ನಮ್ಮ ಮಕ್ಕಳು ಕಡಲನ್ನು ಎಂದು ಕಾಣುವರೋ! ಆದರೆ ಬಸ್ಸಿನ ಬಾಗಿಲ ಕಂಬಿಯನ್ನೂ ಸೇತುವೆಯ ಕಂಬಿಯನ್ನೂ ಅವರು ನಂಬಿ ಹಿಡಿಯುವರು. ಅಂತಹ ಕಡೆ ಒಂದು ಬೋಲ್ಟು ಮುರಿದರೆ, ಹೊಳೆಯುತ್ತಿರುವ ಉಳಿದವುಗಳನ್ನೂ ಬಿಚ್ಚಿ ನೋಡಬೇಕೆಂದು ಕೇಳುವ ತಿಳಿವಳಿಕೆ ಅವರಿಗೆ ಬಂದರೆ ಪಾಠ ಸಾರ್ಥಕ.