ಹೆಸರಿಲ್ಲದ ಕಾರ್ಡು

ಮೂರು ವರ್ಷಗಳ ಹಿಂದೆ ನಮ್ಮದೊಂದು ಕತೆ ವಿಶೇಷಾಂಕದಲ್ಲಿ ಅಚ್ಚಾಯಿತು. ದಮ್ಮಾಮಿನಲ್ಲಿ ದುಡಿಯುವ ತಮ್ಮ ಊರಿನ ಅಕ್ಕನಿಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುವ ಕತೆ. ಕೊಲ್ಲಿಗೆ ಹೋದವರ ಎಷ್ಟೋ ಮನೆಗಳಲ್ಲಿ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಇದು ನಡೆದದ್ದೇ. ನಮ್ಮ ಮನೆಯಲ್ಲೂ ನಡೆದಿತ್ತು. ಕತೆಯ ಕೊನೆಯಲ್ಲಿ ಟೇಪ್‌ರೆಕಾರ್ಡರಿನ ಸೆಲ್ಲು ತೀರುತ್ತ ಬಂದಂತೆ ತಮ್ಮನ ದನಿ ಸಣ್ಣಗಾಗಿ, ಕೀರಲಾಗಿ, ಕಡೆಗೆ ಮಗುವಿನ ದನಿಯಂತಾಗಿ ನಿಂತುಹೋಗುತ್ತದೆ. ಬಲ್ಲವರು ಮೆಚ್ಚಿದರು. ನಾವು ಬರೆದ ಕೊನೆಗಳಲ್ಲೇ ಇದು ಒಳ್ಳೆಯದೆಂಬ ಜಂಬ ನಮಗೂ ಇತ್ತು.

ತಿಂಗಳಾದ ಮೇಲೆ ಪತ್ರಿಕೆಯ ಕಚೇರಿಯಿಂದ ಒಂದು ಪೋಸ್ಟ್‌ಕಾರ್ಡು ಬಂತು. ಸೆಲ್ಲು ಸೋತರೆ ಮೋಟಾರು ನಿಧಾನವಾಗುತ್ತದೆ, ಟೇಪು ಮೆಲ್ಲಗೆ ಓಡುತ್ತದೆ, ಆಗ ದನಿ ದಪ್ಪಗಾಗುತ್ತದೆಯೇ ಹೊರತು ಸಣ್ಣಗಾಗುವುದಿಲ್ಲ. ನೀವು ಬರೆದಂತೆ ಕೇಳಿಸಬೇಕಾದರೆ ಸೋತ ಸೆಲ್ಲಿನಲ್ಲಿ ರೆಕಾರ್ಡು ಮಾಡಿ, ಹೊಸ ಸೆಲ್ಲು ಹಾಕಿ ಕೇಳಬೇಕು. ಇಷ್ಟೇ. ರುಜುವಿನ ಜಾಗದಲ್ಲಿ ‘ಒಬ್ಬ ರಿಪೇರಿಯವನು’ ಎಂದಿತ್ತು. ಹೆಸರಿಲ್ಲ, ಊರಿಲ್ಲ, ಅಂಚೆ ಮುದ್ರೆಯೂ ಮಸುಕು.

ಅವನು ಹೇಳಿದ್ದು ನಿಜವೇ ಎಂದು ನಾವು ನೋಡಲಿಲ್ಲ. ಕೈಬರಹ ಯಾರದ್ದೆಂದು ನೋಡಿದೆವು. ನಮ್ಮ ಮೇಲೆ ಹೊಟ್ಟೆಯುರಿ ಇದ್ದಿರಬಹುದಾದ ಇಬ್ಬರು ಲೇಖಕ ಮಿತ್ರರ ಹಳೆಯ ಕಾಗದಗಳನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡದ್ದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಧೈರ್ಯವಿದ್ದವನು ಹೆಸರು ಹಾಕುತ್ತಿದ್ದ ಎಂದು ಮನೆಯವರ ಮುಂದೆ ಕೂಗಾಡಿದ್ದೂ ಉಂಟು.

ನಮ್ಮ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಹೆಸರಿಲ್ಲದ ದೂರಿಗೆ ಕನ್ನಡದಲ್ಲಿ ಮೂಗರ್ಜಿ ಎನ್ನುತ್ತೇವೆ. ಅದು ಮೂಗನಾದರೂ ಕೈ ಉದ್ದ. ನಮಗೆ ಉರ್ದು ಅಕ್ಷರ ತಿದ್ದಿಸಿದ ಮೇಷ್ಟ್ರು ಅಂಥದ್ದೊಂದು ಅರ್ಜಿಯಿಂದ ಎರಡು ವರ್ಷ ದೂರದ ಊರಿಗೆ ಎತ್ತಂಗಡಿಯಾಗಿದ್ದರು. ವಿಚಾರಣೆಯಲ್ಲಿ ಏನೂ ಸಿಗಲಿಲ್ಲ, ಬರೆದವನೂ ಸಿಗಲಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗನಿಗೆ ಕಾರ್ಡು ತೋರಿಸಿದೆವು. ಅವನು ಆಡಿಯೊಫೈಲ್, ಅಂದರೆ ಹಾಡಿಗಿಂತ ಹಾಡು ಕೇಳಿಸುವ ಯಂತ್ರಕ್ಕೇ ಹೆಚ್ಚು ದುಡ್ಡು ಸುರಿಯುವವರ ಪೈಕಿ. ಓದಿ ನಕ್ಕ. “ಚಾಚಾ, ಇದು ನೀಲಿ ದೀಪದ ಕತೆಯೇ ಆಯ್ತಲ್ಲ” ಎಂದ.

ಆ ದೀಪವನ್ನು ನಾವೂ ಕಂಡಿದ್ದೆವು. 2019ರಲ್ಲಿ ಅವನ ಕೋಣೆಯಲ್ಲಿ ಕೂತು ಪಿಯಾನೊ ಕೇಳಿದ್ದೆವು. ಯಂತ್ರದ ಮೇಲೆ ಪುಟ್ಟ ನೀಲಿ ದೀಪ ಹತ್ತಿದರೆ ಸ್ಟುಡಿಯೊದವರೇ ಒಪ್ಪಿದ ಅಸಲಿ ಧ್ವನಿ ಎಂದು ಅವನು ವಿವರಿಸಿದ್ದ. ದೀಪ ಹತ್ತಿತು. ನಾವು ಕಣ್ಣು ಮುಚ್ಚಿ ‘ವಾಹ್’ ಎಂದೆವು. ನಮಗೆ ವ್ಯತ್ಯಾಸ ಕೇಳಿಸಿತ್ತು, ಆಣೆಯಿಟ್ಟು ಹೇಳುತ್ತಿದ್ದೆವು.

ಅದರ ಹೆಸರು ಎಂಕ್ಯೂಎ, ಮಾಸ್ಟರ್ ಕ್ವಾಲಿಟಿ ಅಥೆಂಟಿಕೇಟೆಡ್. ಬ್ರಿಟನ್ನಿನ ಮೆರಿಡಿಯನ್ ಕಂಪನಿಯ ಬಾಬ್ ಸ್ಟುವರ್ಟ್ 2014ರ ಡಿಸೆಂಬರಿನಲ್ಲಿ ಹೊರತಂದದ್ದು. ಸ್ಟುಡಿಯೊದ ದೊಡ್ಡ ಫೈಲನ್ನು ಕಾಗದದ ಹಾಗೆ ಮಡಚಿ ಸಣ್ಣದರಲ್ಲಿ ಅಡಗಿಸುವುದು, ಪರವಾನಗಿ ಪಡೆದ ಯಂತ್ರ ಅದನ್ನು ಬಿಡಿಸುವುದು. ಮಡಚುವ ಬಗೆ ಮಾತ್ರ ಗುಟ್ಟು. ಯಂತ್ರ ಮಾಡುವವರು ಪರವಾನಗಿಗೆ ದುಡ್ಡು ಕಟ್ಟಬೇಕು. ಅಮೆರಿಕದ ದೊಡ್ಡ ಆಡಿಯೊ ಪತ್ರಿಕೆಗಳು ಹೊಗಳಿ ಬರೆದವು. ಬರೆದವರು ಹೆಸರಾಂತರು, ದಶಕಗಳಿಂದ ಕಿವಿ ಪಳಗಿಸಿಕೊಂಡವರು.

ಎದುರು ನಿಂತವರಲ್ಲಿ ಒಬ್ಬನ ಹೆಸರು ಆರ್ಕಿಮ್ಯಾಗೊ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಕೇಳಿದ್ದನ್ನು ವರ್ಣಿಸಲಿಲ್ಲ, ಅಳೆದ. ಯಾವ ಯಂತ್ರ, ಯಾವ ಫೈಲು, ಗ್ರಾಫು ಎಲ್ಲ ಮುಂದಿಟ್ಟ. 2017ರಲ್ಲಿ ಎಂಕ್ಯೂಎ ಯಾವುದು, ಮಾಮೂಲಿ ಫೈಲು ಯಾವುದು ಎಂದು ಹೇಳದೆ ಆಸಕ್ತರಿಗೆ ಕೇಳಿಸಿದ. ಅವರ ಉತ್ತರಗಳಲ್ಲಿ ಯಾವುದರ ಕಡೆಗೂ ಸ್ಪಷ್ಟ ಒಲವು ಕಾಣಲಿಲ್ಲ. 2018ರ ಮಾರ್ಚಿನಲ್ಲಿ ಉದ್ದನೆಯ ಲೇಖನ ಬರೆದ. ಮಡಚಿದ್ದು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಮೂಲದ್ದೊಂದಿಷ್ಟು ಕಳೆದೇ ಹೋಗುತ್ತದೆ ಎಂಬುದು ಆ ವಾದದ ತಿರುಳು. ದೀಪದ ಬಗ್ಗೆಯೂ ತಕರಾರು ಎದ್ದಿತ್ತು: ಅದು ಹೇಳುವುದು ಫೈಲು ದಾರಿಯಲ್ಲಿ ಕೆಡಲಿಲ್ಲವೆಂದು, ಹಾಡಿದವನು ಕೇಳಿ ಒಪ್ಪಿದನೆಂಬುದಕ್ಕೆ ಅದು ಸಾಕ್ಷಿಯಲ್ಲ.

ಅಳತೆ ತಪ್ಪೆಂದು ತೋರಿಸುವುದು ಕಷ್ಟದ ಕೆಲಸ. ಇವನು ಯಾರು, ಮುಖವೇಕೆ ತೋರಿಸುವುದಿಲ್ಲ ಎಂದು ಕೇಳುವುದು ಸುಲಭ. ಎಷ್ಟೋ ಜನ ಸುಲಭದ್ದನ್ನೇ ಆರಿಸಿಕೊಂಡರು. ಥೇಟ್ ನಮ್ಮ ಹಾಗೆ. ಮುಖ ತೋರಿಸಿದವರಿಗೆ ಸಿಕ್ಕ ಮರ್ಯಾದೆಯಾದರೂ ಎಷ್ಟು? 2018ರ ಅಕ್ಟೋಬರಿನಲ್ಲಿ ಅಮೆರಿಕದ ಡೆನ್ವರಿನ ಆಡಿಯೊ ಮೇಳದಲ್ಲಿ ಕ್ರಿಸ್ ಕಾನೇಕರ್ ಎಂಬವರು ಸ್ವಂತ ಹೆಸರಿನಲ್ಲಿ ವೇದಿಕೆಯೇರಿ ಇದೇ ವಿಷಯ ಎತ್ತಿದರೆ, ಸಭೆಯಲ್ಲಿದ್ದ ಎಂಕ್ಯೂಎ ಮಂದಿ ಮತ್ತೆ ಮತ್ತೆ ನಡುವೆ ಬಾಯಿ ಹಾಕಿದರು.

2021ರಲ್ಲಿ ಗೋಲ್ಡನ್‌ಸೌಂಡ್ ಎಂಬ ಇನ್ನೊಂದು ಅಡ್ಡಹೆಸರಿನವನು ತಾನೇ ತಯಾರಿಸಿದ ಧ್ವನಿಯನ್ನು ಟೈಡಲ್ ಸಂಗೀತ ಸೇವೆಗೆ ಏರಿಸಿ, ಎಂಕ್ಯೂಎ ಆಗಿ ಹೊರಬಂದದ್ದನ್ನು ಮೂಲದೊಂದಿಗೆ ಹೋಲಿಸಿದ. ಎರಡೂ ಒಂದೇ ಆಗಿರಲಿಲ್ಲ. ಅಂಥ ಪರೀಕ್ಷಾ ಧ್ವನಿ ಸಂಗೀತವಲ್ಲ, ನಮ್ಮ ವಿಧಾನ ಇರುವುದು ಸಂಗೀತಕ್ಕೆ ಎಂದಿತು ಕಂಪನಿ. 2023ರ ಏಪ್ರಿಲಿನಲ್ಲಿ ಕಂಪನಿಯ ಆಡಳಿತ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಸೆಪ್ಟೆಂಬರಿನಲ್ಲಿ ಕೆನಡಾದ ಲೆನ್‌ಬ್ರೂಕ್ ಅದರ ಆಸ್ತಿಯನ್ನು ಕೊಂಡಿತು. 2024ರ ಜುಲೈನಲ್ಲಿ ಟೈಡಲ್ ಎಂಕ್ಯೂಎಯನ್ನು ಕೈಬಿಟ್ಟಿತು. ಅಂಗಡಿ ಮುಚ್ಚಿದ ಮಾತ್ರಕ್ಕೆ ಮಾಲು ಕೆಟ್ಟದ್ದೆಂದು ಹೇಳಲಾಗದು. ಅಳತೆಯ ಜಗಳವನ್ನು ಅಳತೆಯೇ ತೀರಿಸಬೇಕು.

“ನಾನು ಅವನನ್ನು ನಂಬಲಿಲ್ಲ ಚಾಚಾ” ಎಂದ ಹುಡುಗ, “ನನ್ನ ಕಂಪ್ಯೂಟರಿನಲ್ಲೇ ಮಾಡಿ ನೋಡಿದೆ.”

ನಮ್ಮ ಮೇಷ್ಟ್ರ ಮೇಲಿನ ಅರ್ಜಿಯನ್ನು ಯಾರು ಮನೆಯಲ್ಲಿ ಕೂತು ಪರೀಕ್ಷಿಸಬಹುದಿತ್ತು? ‘ನಾನು ಕಂಡೆ’, ‘ನಾನು ಕೇಳಿದೆ’ ಎನ್ನುವವನ ಹೆಸರು ಬೇಕೇಬೇಕು; ಅವನು ಯಾರ ಉಪ್ಪು ತಿಂದವನು ಎಂಬುದೂ ಗೊತ್ತಿರಬೇಕು. ಸೆಲ್ಲು ಸೋತರೆ ಮೋಟಾರು ನಿಧಾನವಾಗುತ್ತದೆ ಎಂಬುದಕ್ಕೆ ಯಾರ ಹೆಸರು ಬೇಕು? ಇನ್ನು ಆರ್ಕಿಮ್ಯಾಗೊ ವರ್ಷಗಟ್ಟಲೆ ಒಂದೇ ಹೆಸರಿನಲ್ಲಿ ಬರೆದವನು, ತಪ್ಪಿದರೆ ಆ ಹೆಸರಿಗೇ ಮಸಿ. ಉರ್ದುವಿನಲ್ಲಿ ಅದನ್ನು ತಖಲ್ಲುಸ್ ಎನ್ನುತ್ತೇವೆ. ಬೇಂದ್ರೆಯವರು ಅಂಬಿಕಾತನಯದತ್ತರಾದದ್ದನ್ನು ಯಾರೂ ಮೂಗರ್ಜಿ ಎನ್ನಲಿಲ್ಲ.

ಊರಿಗೆ ಬಂದು ಅಟ್ಟದಿಂದ ಟೇಪ್‌ರೆಕಾರ್ಡರು ಇಳಿಸಿದೆವು. ಬೆಲ್ಟು ಹಾಕಿಸಿದ್ದಾಯಿತು. ಸೋತ ಸೆಲ್ಲಿನಲ್ಲಿ ಹಾಡು ಹಾಕಿದೆವು: ದನಿ ದಪ್ಪಗಾಗಿ ಎಮ್ಮೆ ಕೂಗಿದಂತಾಯಿತು. ಅದೇ ಸೆಲ್ಲಿನಲ್ಲಿ ನಮ್ಮ ಮಾತು ತುಂಬಿ ಹೊಸ ಸೆಲ್ಲಿನಲ್ಲಿ ಕೇಳಿದೆವು: ಸಣ್ಣ, ಕೀರಲು, ಮಗುವಿನ ದನಿ. ಕಾರ್ಡಿನವನು ಎರಡರಲ್ಲೂ ಸರಿ.

ಹಾಗಾದರೆ ಮಾಮುವಿನ ಕ್ಯಾಸೆಟ್ಟಿನಲ್ಲಿ ಚಿಕ್ಕಂದಿನಲ್ಲಿ ನಾವು ಕೇಳಿದ್ದು? ಅಮ್ಮಿಯನ್ನು ಕೇಳಿದೆವು. ಸಣ್ಣಗಾದದ್ದು ನಿಜ, ಪ್ರತಿಸಲವೂ ಕೊನೆಕೊನೆಗೆ ಹಾಗೇ ಆಗುತ್ತಿತ್ತು ಎಂದರು.

“ಸೆಲ್ಲು ಹಳೆಯದಿತ್ತಾ ಅಮ್ಮಿ?”

“ಅವನ ಕ್ಯಾಸೆಟ್ಟಿಗೆ ಹಳೇ ಸೆಲ್ಲು ಹಾಕ್ತೀವೇನೋ? ನಿಮ್ಮ ಅಬ್ಬಾ ಅಂಗಡಿಗೆ ಹೋಗಿ ಹೊಸ ಸೆಲ್ಲು ತಂದಮೇಲೇ ಹಚ್ಚುತ್ತಿದ್ದೆವು.”

ಸೋತ ಸೆಲ್ಲು ನಮ್ಮ ಮನೆಯದ್ದಾಗಿರಲಿಲ್ಲ. ಪ್ರತಿ ಕ್ಯಾಸೆಟ್ಟಿನಲ್ಲೂ ಮಾಮು ತಾನು ಆರಾಮವಾಗಿದ್ದೇನೆ, ಯಾತಕ್ಕೂ ಕೊರತೆಯಿಲ್ಲ ಎನ್ನುತ್ತಿದ್ದ. ಹಾಗೆನ್ನುವಾಗ ಆ ಕೋಣೆಯಲ್ಲಿ ಅವನ ಸೆಲ್ಲು ತೀರುತ್ತಿತ್ತು. ಅಮ್ಮಿಗೆ ನಾವಿದನ್ನು ಇನ್ನೂ ಹೇಳಿಲ್ಲ. ಸಂಕಲನಕ್ಕೆ ಕೊಡುವಾಗ ಕತೆಯ ಕೊನೆಯನ್ನು ತಿದ್ದಿದೆವು. ಕೃತಜ್ಞತೆಯ ಪುಟದಲ್ಲಿ ‘ಒಬ್ಬ ರಿಪೇರಿಯವರಿಗೆ’ ಎಂದು ಸೇರಿಸಿದಾಗ ಪ್ರೂಫ್ ನೋಡುವವರು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಿದ್ದರು: ‘ಹೆಸರು ಬಿಟ್ಟುಹೋಗಿದೆ’.