ಎಲೆ ಹಣ್ಣಾಗುವ ಊರಿನಲ್ಲಿ

ಅಕ್ಟೋಬರ್ ಎರಡನೇ ವಾರ ಬಂತೆಂದರೆ ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ನಿಮ್ಮ ಗೆಳೆಯ-ಗೆಳತಿಯರ ವಾಟ್ಸಾಪ್ ಸ್ಟೇಟಸ್ಸೆಲ್ಲ ಕೆಂಪಗಾಗಿಬಿಡುತ್ತದೆ. ಕೆಂಪು ಮೇಪಲ್ ಮರ, ಅದರ ಕೆಳಗೆ ಕೆಂಪು ಸ್ವೆಟರು, ಹಿಂದೆ ಕನ್ನಡಿಯಂಥ ಕೆರೆ. ಫೋಟೋ ಸುಳ್ಳಲ್ಲ. ನ್ಯೂ ಇಂಗ್ಲೆಂಡ್ ಅಂತ ಕರೆಯುವ ಈ ಆರು ರಾಜ್ಯಗಳಲ್ಲಿ ಆ ಎರಡು-ಮೂರು ವಾರ ನಿಜಕ್ಕೂ ಹಾಗೇ ಇರುತ್ತದೆ. ಆದರೆ ಮನೆಯಲ್ಲಿ ಎರಡು ವರ್ಷದ ಮಗು ಇದ್ದರೆ ಅದೇ ಊರು, ಅದೇ ಮರ ಬೇರೆ ಎತ್ತರದಿಂದ ಕಾಣಿಸುತ್ತದೆ. ನೆಲದಿಂದ ಮೂರು ಅಡಿ, ಅಷ್ಟೇ.

ನಾವಿರುವುದು ಫ್ರೇಮಿಂಗ್‌ಹ್ಯಾಮ್‌ನಲ್ಲಿ. ಬಾಸ್ಟನ್‌ನಿಂದ ಪಶ್ಚಿಮಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಪ್ರವಾಸಿಗರು ಹುಡುಕಿಕೊಂಡು ಬರುವ ಊರೇನಲ್ಲ. ಒಂದು ರೈಲು ನಿಲ್ದಾಣ, ಉದ್ದಕ್ಕೆ ಅಂಗಡಿಗಳ ಸಾಲು, ಒಂದು ಬದಿಗೆ ಕೊಚಿಚುಯೇಟ್ ಕೆರೆ. 1848ರಲ್ಲಿ ಬಾಸ್ಟನ್ ನಗರಕ್ಕೆ ಮೊದಲು ಕಾಲುವೆಯಲ್ಲಿ ನೀರು ಹೋಗಿದ್ದು ಈ ಕೆರೆಯಿಂದಲೇ. ಪಕ್ಕದ ಆಶ್‌ಲ್ಯಾಂಡ್‌ನಲ್ಲಿ ಶ್ರೀ ಲಕ್ಷ್ಮಿ ದೇವಸ್ಥಾನ ಇರೋದರಿಂದ ಸುತ್ತಮುತ್ತ ನಮ್ಮ ಜನ ಸಾಕಷ್ಟಿದ್ದಾರೆ. ಭಾನುವಾರ ಪುಳಿಯೋಗರೆಗೆ ಕೊರತೆಯಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಸಾಗರದಿಂದ ಅಮ್ಮ ಬಂದಳು. ಬಂದಿಳಿದಾಗ ಕೊಟ್ಟಿದ್ದು ಆರು ತಿಂಗಳು. ಅಂದರೆ ನವೆಂಬರ್ ಮೊದಲ ವಾರಕ್ಕೆ ವಾಪಸ್. ಸೆಪ್ಟೆಂಬರ್‌ನಿಂದ ಮಗಳು ವಾರಕ್ಕೆ ಮೂರು ದಿನ ಡೇ ಕೇರ್‌ಗೆ ಹೋಗತೊಡಗಿದಳು. ಹಾಗಾಗಿ ಈ ಸಲದ ಶರತ್ಕಾಲ ನಮ್ಮ ಮನೆಯಲ್ಲಿ ಒಂದು ಸಣ್ಣ ಹಗ್ಗಜಗ್ಗಾಟ. ಒಂದು ಕಡೆ ಅಜ್ಜಿಯ ಕನ್ನಡ, ಇನ್ನೊಂದು ಕಡೆ ಡೇ ಕೇರ್‌ನ ಇಂಗ್ಲಿಷು.

ನಾನೂರು ಮೀಟರ್, ಐವತ್ತು ನಿಮಿಷ

ನಮ್ಮ ಮನೆಯಿಂದ ರಸ್ತೆ ಕೊನೆಯ ಅಂಚೆ ಡಬ್ಬಿಯವರೆಗೆ ನಾನೂರು ಮೀಟರ್ ಇದೆ. ನಾನೊಬ್ಬಳೇ ಹೋದರೆ ಐದು ನಿಮಿಷ. ಅಜ್ಜಿ-ಮೊಮ್ಮಗಳು ಹೋದರೆ ಐವತ್ತು. ಎರಡು ವರ್ಷದ ಮಗು ನಡೆಯೋದು ಎಲ್ಲಿಗೋ ತಲುಪಲಿಕ್ಕಲ್ಲ, ಹೆಜ್ಜೆಗೊಮ್ಮೆ ನಿಲ್ಲಲಿಕ್ಕೆ. ಅಮ್ಮನಿಗೂ ಮಂಡಿನೋವು, ಹಾಗಾಗಿ ಇಬ್ಬರ ವೇಗ ಸರಿಹೊಂದುತ್ತದೆ.

ದಾರಿಯಲ್ಲಿ ಓಕ್ ಮರದ ಕಾಯಿ ಬಿದ್ದಿರುತ್ತವೆ, ತಲೆಮೇಲೆ ಟೋಪಿ ಇಟ್ಟುಕೊಂಡ ಹಾಗೆ. ಟೋಪಿಯೊಂದು ಜೇಬಿಗೆ, ಕಾಯಿಯೊಂದು ಜೇಬಿಗೆ. (ಬಟ್ಟೆ ಒಗೆಯೋ ಮೊದಲು ಜೇಬು ನೋಡಿ. ಅನುಭವದ ಮಾತು.) ಬೂದು ಬಣ್ಣದ ದಪ್ಪ ಅಳಿಲು ಹುಲ್ಲಿನಲ್ಲಿ ಗುಂಡಿ ತೋಡಿ ಆ ಕಾಯಿ ಹೂಳುತ್ತಿರುತ್ತದೆ. ಅದು ಚಳಿಗಾಲದ ದಾಸ್ತಾನು. ನಮ್ಮ ರಾಮನ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ, ಇದಕ್ಕೆ ಒಂದೂ ಇಲ್ಲ. "ಇದಕ್ಕೆ ರಾಮ ಸಿಕ್ಕಿಲ್ಲ ಕೂಸೇ" ಅಂತ ಅಜ್ಜಿ. ಮಗಳು ಆವತ್ತಿಂದ ಅಳಿಲು ಕಂಡರೆ "ಲಾಮ ಇಲ್ಲ" ಅಂತಾಳೆ.

ಬೆಳಿಗ್ಗೆ ಐದು ಡಿಗ್ರಿ, ಮಧ್ಯಾಹ್ನ ಹದಿನೆಂಟು, ಸಂಜೆ ಮತ್ತೆ ಎಂಟು. ಹೀಗಾಗಿ ಈ ತಿಂಗಳಲ್ಲಿ ಮಗುವಿಗೆ ಒಂದು ದಪ್ಪ ಕೋಟಿಗಿಂತ ಮೂರು ತೆಳು ಅಂಗಿ ವಾಸಿ. ಒಂದೊಂದಾಗಿ ಬಿಚ್ಚಬಹುದು, ಹಾಕಬಹುದು. ಬಾಸ್ಟನ್ ಕಡೆ ಕೆಲಸ ಸಿಕ್ಕು ಹೊಸದಾಗಿ ಬರುವವರು ಇದೊಂದು ನೆನಪಿಟ್ಟುಕೊಳ್ಳಿ.

ಲೀಫೋ, ಎಲೆಯೋ

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಮಗಳು ಹೇಳುವ ಕನ್ನಡ ಪದಗಳ ಪಟ್ಟಿ. ಮೇ ತಿಂಗಳಲ್ಲಿ ಹತ್ತೊಂಬತ್ತಿತ್ತು. ಆಗಸ್ಟ್ ಹೊತ್ತಿಗೆ ಹಾಳೆ ತುಂಬಿ ಎರಡನೆಯದು ಬಂತು. ಅಕ್ಟೋಬರ್‌ನಲ್ಲಿ ಮೊದಲ ಸಲ ಉಲ್ಟಾ ಶುರುವಾಯಿತು. "ಹಾಲು" ಹೋಗಿ "ಮಿಲ್ಕ್" ಬಂತು. "ಬೇಡ" ಹೋಗಿ "ನೋ" ಬಂತು; ಆ "ನೋ" ಮಾತ್ರ ಬಹಳ ಸ್ಪಷ್ಟ! ಒಂದು ಸಂಜೆ ಕೈಯಲ್ಲಿ ಹಳದಿ ಎಲೆ ಹಿಡಿದು ಬಂದವಳು "ಲೀಫ್, ಫಾಲ್" ಅಂದಳು.

ಅಮ್ಮ ತಿದ್ದಲಿಲ್ಲ. ಎಲೆ ಕೈಗೆ ತಗೊಂಡು ತಿರುಗಿಸಿ ನೋಡಿ, "ಹೌದು ಕೂಸೇ, ಎಲೆ ಹಣ್ಣಾಗಿದೆ" ಅಂದಳು.

ನಾನು ಲ್ಯಾಪ್‌ಟಾಪ್ ಮೇಲಿಂದ ತಲೆಯೆತ್ತಿದೆ. ಹಣ್ಣೆಲೆ ಅನ್ನೋ ಪದ ಗೊತ್ತಿಲ್ಲದ ಕನ್ನಡಿಗರಿಲ್ಲ. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಅನ್ನೋ ಗಾದೆ ಎಲ್ಲರೂ ಕೇಳಿದ್ದೇವೆ. ಆದರೆ ಅದರ ಒಳಗೆ ಏನಿದೆ ಅಂತ ನೋಡಿರಲಿಲ್ಲ. ಇಂಗ್ಲಿಷಿಗೆ ಈ ಕಾಲದ ಎಲೆ ಅಂದರೆ ಬೀಳುವಂಥದ್ದು. ಕನ್ನಡಕ್ಕೆ ಮಾಗುವಂಥದ್ದು. ವಯಸ್ಸಾದವರನ್ನೂ ನಾವು ಹಣ್ಣು ಹಣ್ಣು ಮುದುಕಿ ಅನ್ನುತ್ತೇವೆ, ಬಿದ್ದುಹೋಗುವವಳು ಅನ್ನೋದಿಲ್ಲ.

ಇದು ಬರೀ ಭಾಷೆಯ ಚಂದವೂ ಅಲ್ಲ. ನಮ್ಮಿಂದ ಅರ್ಧ ಗಂಟೆ ದೂರದ ಕಾಂಕಾರ್ಡ್‌ನಲ್ಲಿ, ವಾಲ್ಡನ್ ಕೊಳದ ಪಕ್ಕ ಎರಡು ವರ್ಷ ಗುಡಿಸಲು ಕಟ್ಟಿಕೊಂಡಿದ್ದ ಹೆನ್ರಿ ಡೇವಿಡ್ ಥೋರೋ ಶರತ್ಕಾಲದ ಬಣ್ಣಗಳ ಮೇಲೆ ಒಂದು ಪ್ರಬಂಧ ಬರೆದಿದ್ದ. ಅದು ಅಚ್ಚಾಗಿದ್ದು 1862ರಲ್ಲಿ, ಅವನು ತೀರಿಕೊಂಡ ಕೆಲವು ತಿಂಗಳಿಗೆ. ಹಣ್ಣು ಉದುರುವ ಮೊದಲು ಬಣ್ಣ ತುಂಬಿಕೊಳ್ಳುತ್ತದಲ್ಲ, ಎಲೆಯದ್ದೂ ಅದೇ ಕಥೆ, ಇದು ಸಾವಲ್ಲ ಮಾಗುವಿಕೆ ಅನ್ನೋದು ಅವನ ವಾದ. ಅಷ್ಟು ಬರೆದು ಒಪ್ಪಿಸಬೇಕಾಗಿ ಬಂದಿದ್ದನ್ನು ನಮ್ಮ ಭಾಷೆ ಒಂದೇ ಪದದಲ್ಲಿ ಇಟ್ಟುಕೊಂಡಿದೆ ನೋಡಿ.

ವಿಜ್ಞಾನ ಇನ್ನೊಂಚೂರು ಬಿಡಿಸಿ ಹೇಳುತ್ತದೆ. ಹಗಲು ಕಮ್ಮಿಯಾದಂತೆ ಮರ ಎಲೆಯ ಹಸಿರನ್ನು, ಅಂದರೆ ಕ್ಲೋರೋಫಿಲ್ ಅನ್ನು ಒಡೆದು ಅದರ ಸತ್ವ ವಾಪಸ್ ಎಳೆದುಕೊಳ್ಳುತ್ತದೆ. ಹಳದಿ ಬೇಸಿಗೆಯಿಂದಲೂ ಎಲೆಯೊಳಗೇ ಇತ್ತು, ಹಸಿರಿನ ಅಡಿಯಲ್ಲಿ ಕಾಣುತ್ತಿರಲಿಲ್ಲ ಅಷ್ಟೇ. ಕೆಂಪು ಮಾತ್ರ ಹೊಸದು. ಬಿಸಿಲಿನ ಹಗಲು, ಹಿಮ ಬೀಳದಷ್ಟು ತಣ್ಣನೆಯ ರಾತ್ರಿ ಸಿಕ್ಕಿದರೆ ಮೇಪಲ್ ಎಲೆಯಲ್ಲಿ ಆಗಷ್ಟೇ ತಯಾರಾಗುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆದು ಎಲೆಯನ್ನು ಬಿಡಿಸುತ್ತದೆ. ಮುಂದಿನ ವಸಂತದ ಮೊಗ್ಗು ಅಷ್ಟರಲ್ಲೇ ಆ ತೊಟ್ಟಿನ ಸಂದಿಯಲ್ಲಿ ಕೂತಿರುತ್ತದೆ. ಗಾದೆಯ ಚಿಗುರೆಲೆ ಇದೇ ಇರಬೇಕು.

ದರಕು ಮತ್ತು ಉಣುಗು

ಮಲೆನಾಡಿನವರಿಗೆ ಒಣ ಎಲೆ ಅಂದರೆ ದರಕು. ಬೇಸಿಗೆಯ ಹೊತ್ತಿಗೆ ಬೆಟ್ಟದಲ್ಲಿ ಗುಡಿಸಿ, ಹೊರೆ ಕಟ್ಟಿ ತಂದು ಕೊಟ್ಟಿಗೆಗೆ ಹಾಸಬೇಕು, ಗೊಬ್ಬರ ಮಾಡಬೇಕು. ಇಲ್ಲಿ ನೋಡಿದರೆ ಶನಿವಾರ ಬಂತೆಂದರೆ ರಸ್ತೆಯುದ್ದಕ್ಕೂ ಗಾಳಿ ಯಂತ್ರಗಳ ಗದ್ದಲ. ಎಲ್ಲರೂ ಎಲೆಯನ್ನು ಒಟ್ಟು ಮಾಡಿ ಎತ್ತರದ ಕಂದು ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿಗಿಡುತ್ತಾರೆ. ಇಲ್ಲಿ ಎಲೆಯನ್ನು ಮನೆ ಕಸದ ಜೊತೆ ಹಾಕುವ ಹಾಗಿಲ್ಲ, ಗೊಬ್ಬರಕ್ಕೆ ಹೋಗಬೇಕು.

"ಇಷ್ಟು ದರಕನ್ನ ಬಿಟ್ಟಿ ಕೊಡ್ತಾರಾ?" ಅಮ್ಮನಿಗೆ ತಡೆಯಲಾಗಲಿಲ್ಲ. ನಮ್ಮ ಮನೆಯ ಎರಡು ಚೀಲವನ್ನು ಹೊರಗಿಡಲು ಬಿಡದೆ ಹಿತ್ತಲ ಮೂಲೆಗೆ ಸುರಿಸಿದಳು. ಬಸಳೆಗೆ ಬೇಕಂತೆ. ಮುಂದಿನ ವರ್ಷದ ಬಸಳೆಗೆ!

ಆ ರಾಶಿಯೇ ಮಗಳ ಆಟದ ಮೈದಾನವಾಯಿತು. ಓಡೋದು, ಬೀಳೋದು, ಎಲೆಯಲ್ಲಿ ಹುಗಿದುಕೊಳ್ಳೋದು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಸೀಮೆಯಲ್ಲಿ ಜಿಂಕೆ ಉಣುಗು ಇದೆ. ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಬೆಳೆದ ಉಣುಗುಗಳ ಓಡಾಟ ಅಕ್ಟೋಬರ್-ನವೆಂಬರ್‌ನಲ್ಲೂ ಜೋರು. ಎಲೆಯಲ್ಲಿ ಆಡಿ ಬಂದ ಮಗುವಿನ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ, ತೊಡೆಸಂದಿ, ಕೂದಲ ಬುಡ ಇಷ್ಟನ್ನೂ ದಿನಾ ನೋಡಬೇಕು. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆದು, ಮಕ್ಕಳ ಡಾಕ್ಟರಿಗೆ ಫೋನ್ ಮಾಡಬೇಕು.

ಇದನ್ನು ಅಮ್ಮನಿಗೆ ಕಲಿಸುವ ಕೆಲಸವೇ ಇರಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡೋದು. ದರಕು ತರಲು ಬೆಟ್ಟಕ್ಕೆ ಹೋಗಿಬಂದ ಮಕ್ಕಳ ಮೈ ತಡಕುತ್ತಾ ಬೆಳೆದವಳು ಅವಳು. ಕ್ಯಾಸನೂರಿನ ಹೆಸರು ಅಲ್ಲಿನ ಕಾಯಿಲೆಗೆ, ಕನೆಕ್ಟಿಕಟ್‌ನ ಲೈಮ್ ಅನ್ನೋ ಊರಿನ ಹೆಸರು ಇಲ್ಲಿನ ಕಾಯಿಲೆಗೆ. ಎರಡೂ ಬೇರೆ ಬೇರೆ ರೋಗ, ಆದರೆ ಸಂಜೆ ದೀಪದ ಬೆಳಕಲ್ಲಿ ಮಗುವಿನ ಕಿವಿ ಮಡಚಿ ನೋಡುವ ಅಜ್ಜಿಯ ಬೆರಳು ಎರಡೂ ಕಡೆ ಒಂದೇ.

ಕಾರಿನಲ್ಲಿ ಹೋದರೆ

ಹೊರಗೆ ಹೋಗಲೇ ಇಲ್ಲವೆಂದಲ್ಲ. ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ನಲ್ಲಿ ಲಿಂಕನ್‌ನಿಂದ ಕಾನ್ವೆವರೆಗೆ ಕಂಕಮಾಗಸ್ ಹೆದ್ದಾರಿ ಇದೆ, ಸುಮಾರು 55 ಕಿಲೋಮೀಟರ್, ಎರಡೂ ಬದಿ ಬೆಂಕಿ ಹತ್ತಿದಂಥ ಕಾಡು. ಬಣ್ಣ ಉತ್ತರದಿಂದ ಇಳಿಯುತ್ತಾ ಬರುತ್ತದೆ. ಅಲ್ಲಿ ಅಕ್ಟೋಬರ್ ಮೊದಲ ಎರಡು ವಾರ, ಬಾಸ್ಟನ್ ಸುತ್ತ ತಿಂಗಳ ಮಧ್ಯದ ನಂತರ. ಆ ತಿಂಗಳ ಎರಡನೇ ಸೋಮವಾರ ರಜೆ, ಆ ವಾರಾಂತ್ಯ ರಸ್ತೆಯೆಲ್ಲ ಕಾರು. ಮಗಳು ಅಷ್ಟೂ ಬೆಟ್ಟವನ್ನು ಕಾರ್ ಸೀಟಿನಲ್ಲಿ ನಿದ್ದೆ ಮಾಡುತ್ತಲೇ ದಾಟಿದಳು. ಎದ್ದ ಮೇಲೆ ಅವಳಿಗೆ ಇಷ್ಟವಾಗಿದ್ದು ಪಾರ್ಕಿಂಗ್ ಜಾಗದ ಜಲ್ಲಿ.

ಚಿಕ್ಕ ಮಕ್ಕಳಿರುವವರಿಗೆ ನನ್ನ ಸಲಹೆ ಸೇಬಿನ ತೋಟ. ನಮಗೆ ಸ್ಟೋ ಅನ್ನೋ ಊರು ಹತ್ತಿರ, ಅಲ್ಲಿ ಹಲವು ತೋಟಗಳಿವೆ. ಚೀಲಕ್ಕೆ ದುಡ್ಡು ಕೊಟ್ಟು ಒಳಗೆ ಹೋದರೆ ನಾವೇ ಕಿತ್ತುಕೊಳ್ಳಬಹುದು. ಮರ ಕುಳ್ಳಗಿರುತ್ತದೆ, ಕೆಳಗಿನ ಕೊಂಬೆ ಮಗುವಿನ ಕೈಗೂ ಸಿಗುತ್ತದೆ. ಮೆಕಿಂಟಾಶ್ ಹುಳಿ-ಸಿಹಿ, ಹನಿಕ್ರಿಸ್ಪ್ ಗರಿಗರಿ. ಬಿಸಿ ಸೈಡರ್ ಡೋನಟ್ ತಿಂದ ಅಮ್ಮ "ನಮ್ಮ ಸುಕ್ಕಿನುಂಡೆಗೆ ತೂತು ಮಾಡಿದ ಹಾಗಿದೆ" ಅಂದಳು. ಬೆಳಿಗ್ಗೆ ಹತ್ತರ ಒಳಗೆ ಹೋಗಿ, ಮಧ್ಯಾಹ್ನದ ನಿದ್ದೆಗೆ ವಾಪಸ್ ಬನ್ನಿ.

ಒಂದೇ ಬುಟ್ಟಿ, ಎರಡು ಹಬ್ಬ

ಸಾಗರ-ಸೊರಬದ ಕಡೆ ಶರತ್ಕಾಲ ಅಂದರೆ ಎಲೆ ಉದುರೋದಲ್ಲ, ಭತ್ತ ಹೊಡೆ ತುಂಬೋದು. ಫಸಲು ಹೊತ್ತ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು. ಅದಕ್ಕೇ ಭೂಮಿ ಹುಣ್ಣಿಮೆ. ನಮ್ಮ ದೀವರ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ನಸುಕಿನಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ.

ಅಮ್ಮ ಹಳೆ ಸಾಮಾನಿನ ಅಂಗಡಿಯಲ್ಲಿ ಎರಡು ಡಾಲರಿನ ಬೆತ್ತದ ಬುಟ್ಟಿ ಹುಡುಕಿದಳು. ಕೆಮ್ಮಣ್ಣಿಲ್ಲ, ಕುಂಡದ ಮಣ್ಣಿಗೆ ಕುಂಕುಮ ಕಲಸಿದಳು. ಪುಂಡಿ ನಾರಿನ ಕುಂಚದ ಬದಲು ಕಿವಿ ಒರೆಸುವ ಹತ್ತಿಕಡ್ಡಿ. ಭತ್ತದ ತೆನೆ, ಏಣಿ, ಸಾಲು ಚುಕ್ಕಿ ಎಲ್ಲ ಬಂತು, ಮಗಳ ಐದು ಬೆರಳಿನ ಗುರುತೂ ಬಂತು. ಹುಣ್ಣಿಮೆಯ ಬೆಳಿಗ್ಗೆ ಕುಂಬಳಕಾಯಿ ಕಡುಬು, ಸೊಪ್ಪಿನ ಪಲ್ಯ ಹಿಡಿದು ಇಬ್ಬರೂ ಮುಂದಿನ ಮೇಪಲ್ ಮರದ ಬುಡಕ್ಕೆ ಒಂದೊಂದು ಚಿಟಿಕೆ ಚೆಲ್ಲಿದರು. ಅಳಿಲು ಐದು ನಿಮಿಷದಲ್ಲಿ ಹಾಜರು.

ತಿಂಗಳ ಕೊನೆಗೆ ಹ್ಯಾಲೋವೀನ್. ಎಲ್ಲ ಮಕ್ಕಳ ಕೈಯಲ್ಲಿ ಪ್ಲಾಸ್ಟಿಕ್ ಕುಂಬಳದ ಡಬ್ಬಿ. ನಾವೂ ಒಂದು ತಂದಿಟ್ಟಿದ್ದೆವು. ಮಗಳು ಅದನ್ನು ಮುಟ್ಟಲಿಲ್ಲ. "ಅಜ್ಜಿ ಬುಟ್ಟಿ" ಅಂತ ಹಟ. ಕೊನೆಗೆ ಭೂಮಣ್ಣಿ ಬುಟ್ಟಿ ಹಿಡಿದುಕೊಂಡೇ ಏಳು ಮನೆ ಸುತ್ತಿ ಚಾಕೊಲೇಟ್ ತುಂಬಿಸಿಕೊಂಡು ಬಂದಳು. ಭಕ್ತಿಗೆ ಭಂಗ ಬಂತೇನೋ ಅಂತ ನಾನು ಅಮ್ಮನ ಮುಖ ನೋಡಿದೆ. ಅವಳು ಬುಟ್ಟಿಯಿಂದ ಒಂದು ಚಾಕೊಲೇಟ್ ತೆಗೆದು ಬಾಯಿಗೆ ಹಾಕಿಕೊಂಡು, "ಬುಟ್ಟಿ ಖಾಲಿ ಇರಬಾರದು ಮಾರಾಯ್ತಿ" ಅಂದಳು.

ಗಡಿಯಾರ ಹಿಂದಕ್ಕೆ

ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ದೊಡ್ಡವರಿಗೆ ಒಂದು ಗಂಟೆ ಜಾಸ್ತಿ ನಿದ್ದೆ. ಮಗುವಿಗೆ ಗಡಿಯಾರ ಗೊತ್ತಿಲ್ಲ, ಹಿಂದಿನ ಆರಕ್ಕೆ, ಅಂದರೆ ಈಗಿನ ಐದಕ್ಕೆ ಎದ್ದು ಕೂರುತ್ತದೆ. ನಾಲ್ಕೈದು ದಿನ ಮೊದಲಿಂದಲೇ ಊಟ-ನಿದ್ದೆಯನ್ನು ದಿನಕ್ಕೆ ಹತ್ತು-ಹದಿನೈದು ನಿಮಿಷ ತಡ ಮಾಡುತ್ತಾ ಬಂದರೆ ಸ್ವಲ್ಪ ಸುಲಭ. ಸಂಜೆ ನಾಲ್ಕೂವರೆ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಡೇ ಕೇರ್‌ನಿಂದ ಕರೆತರುವಾಗ ಕತ್ತಲು.

ಅದೇ ವಾರ ಅಮ್ಮ ಹೊರಟಳು. ಹಿಂದಿನ ರಾತ್ರಿ ಫ್ರಿಜ್ ಮೇಲಿನ ಪಟ್ಟಿ ಮುಂದೆ ನಿಂತು, ಕನ್ನಡಕ ಏರಿಸಿ, ಮಿಲ್ಕ್ ಆಗಿಹೋದ ಹಾಲಿನ ಮೇಲೆ ನಾನು ಎಳೆದಿದ್ದ ಗೆರೆಯನ್ನು ಉಗುರಲ್ಲಿ ಕೆರೆದು ನೋಡಿದಳು. "ಹೊಡೆದು ಹಾಕಬೇಡ. ವಾಪಸ್ ಬರ್ತದೆ. ನೀನು ಹಾಲು ಅಂತಲೇ ಹೇಳ್ತಿರು." ಅಷ್ಟೇ ಹೇಳಿದ್ದು.

ಮೊನ್ನೆವರೆಗೂ ಸಾಗರಕ್ಕೂ ನಮಗೂ ಒಂಬತ್ತೂವರೆ ಗಂಟೆ ಅಂತರವಿತ್ತು, ಈಗ ಹತ್ತೂವರೆ. ಇಲ್ಲಿ ಬೆಳಿಗ್ಗೆ ಏಳೂವರೆಗೆ ಮಗಳು ತಿಂಡಿಗೆ ಕೂತಾಗ ಅಲ್ಲಿ ಸಂಜೆ ಆರು, ದೇವರ ಮುಂದೆ ದೀಪ ಹಚ್ಚುವ ಹೊತ್ತು. ಅದನ್ನೇ ವಿಡಿಯೋ ಕಾಲ್‌ನ ಹೊತ್ತು ಮಾಡಿಕೊಂಡಿದ್ದೇವೆ. ಪ್ರತಿದಿನ ಹತ್ತು ನಿಮಿಷ. ದೂರದಲ್ಲಿ ಅಜ್ಜಿ-ತಾತ ಇರುವ ಮನೆಯವರಿಗೆ ನಾನು ಹೇಳೋದು ಇಷ್ಟೇ, ಸಮಯ ಸಿಕ್ಕಾಗ ಮಾಡೋಣ ಅನ್ನಬೇಡಿ, ಹೊತ್ತು ಗೊತ್ತು ಮಾಡಿ. ಮಾತು ಬೆಳೆಯುವ ವಯಸ್ಸು ರಜೆಗೆ ಕಾಯೋದಿಲ್ಲ.

ಈಗ ರಸ್ತೆಯ ಮೇಪಲ್‌ಗಳೆಲ್ಲ ಬೋಳು. ಓಕ್ ಮಾತ್ರ ತನ್ನ ಕಂದು ಎಲೆ ಬಿಟ್ಟಿಲ್ಲ, ಕೆಲವು ಓಕ್‌ಗಳು ಚಳಿಗಾಲ ಪೂರ್ತಿ ಹಿಡಿದುಕೊಂಡೇ ಇರುತ್ತವೆ. ಇವತ್ತು ಬೆಳಿಗ್ಗೆ ಅಜ್ಜಿ ಫೋನಿನಲ್ಲಿ, "ದರಕೆಲ್ಲ ಮುಗೀತಾ ಕೂಸೇ?" ಅಂತ ಕೇಳಿದಳು. ಮಗಳು ಇಡ್ಲಿ ಹಿಡಿದ ಕೈಯಲ್ಲೇ ಕಿಟಕಿಯಾಚೆಯ ಓಕ್ ತೋರಿಸಿ, "ಇನ್ನೂ ಹಣ್ಣು ಆಗಿಲ್ಲ" ಅಂದಳು. ಆಮೇಲೆ ಲೋಟ ಮುಂದೆ ತಳ್ಳಿ "ಮಿಲ್ಕ್" ಅಂದಳು.

"ತಗೋ ಹಾಲು" ಅಂತ ಕೊಟ್ಟೆ.